ಅವಳ ಸರದಿಗೆ ಇಪ್ಪತ್ತು ಸೆಕೆಂಡು

ನನಗೆ ಸೋಲುವುದೆಂದರೆ ಮೊದಲಿನಿಂದಲೂ ಆಗದು. ಚಿಕ್ಕವಳಿದ್ದಾಗ ಚೌಕಾಬಾರದಲ್ಲಿ ಕಾಯಿ ಹೊಡೆಸಿಕೊಂಡರೆ ಕವಡೆಯನ್ನು ಬೀದಿಗೆ ಎಸೆದು ಎದ್ದುಹೋಗುತ್ತಿದ್ದೆ. 'ಇವಳಿಗೆ ಕೋಪ ಮೂಗಿನ ತುದೀಲೇ ಇರ್ತದೆ' ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ಮದುವೆಯಾಗಿ ತುಮಕೂರಿನ ಕಡೆಯಿಂದ ಪೀಣ್ಯಕ್ಕೆ ಬಂದೆ, ಹದಿನೆಂಟು ವರ್ಷ ಪ್ರೆಸ್ಸಿನ ಮುಂದೆ ನಿಂತೆ, ಕಾಲಿನ ನರ ಗಂಟು ಕಟ್ಟಿತು, ಆ ಗುಣ ಮಾತ್ರ ಹೋಗಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಡೆದದ್ದರಲ್ಲಿ ಆಟದ ತಪ್ಪು ಕಡಿಮೆ, ನನ್ನದು ಹೆಚ್ಚು.

ನಮ್ಮದು ಪೀಣ್ಯ ಎರಡನೇ ಹಂತದಲ್ಲಿ ಒಂದು ಪ್ರೆಸ್ ಶಾಪ್. ಗೋಡೆಯ ಸ್ವಿಚ್ಚಿನೊಳಗೆ ಕಣ್ಣಿಗೆ ಕಾಣದ ಹಾಗೆ ಕೂತಿರುವ ಹಿತ್ತಾಳೆಯ ಚೂರುಗಳನ್ನು ನಾವು ಮಾಡುತ್ತೇವೆ. ತಗಡಿನ ತುಂಡನ್ನು ಅಚ್ಚಿನ ಮೇಲೆ ಇಡಬೇಕು, ಕೈ ಹಿಂದಕ್ಕೆ ತೆಗೆಯಬೇಕು, ಎಡಕ್ಕೊಂದು ಬಲಕ್ಕೊಂದು ಇರುವ ಎರಡು ಬಟನ್‌ಗಳನ್ನು ಒಟ್ಟಿಗೆ ಒತ್ತಬೇಕು. ಆಗ ಮೇಲಿನ ಕಬ್ಬಿಣ ಒಂದೇ ಏಟಿಗೆ ಕೆಳಗೆ ಬಂದು ಚೂರು ತಯಾರು. ಎರಡು ಬಟನ್ ಯಾಕೆಂದರೆ, ಎರಡೂ ಕೈ ಬಟನ್ ಮೇಲಿದ್ದರೆ ಒಂದೂ ಅಚ್ಚಿನೊಳಗೆ ಇರುವುದಿಲ್ಲ. ಇಷ್ಟೇ ಅದರ ಬುದ್ಧಿವಂತಿಕೆ.

ಆದರೆ ದಿನಕ್ಕೆ ಇಷ್ಟು ಸಾವಿರ ಚೂರು ಬೀಳಬೇಕೆಂದು ಬೋರ್ಡಿನ ಮೇಲೆ ಬರೆದಿಡುತ್ತಾರೆ. ಎರಡು ಕೈಯಿಂದ ಒತ್ತುತ್ತ ನಿಂತರೆ ಅದು ಬೀಳುವುದಿಲ್ಲ. ಹಾಗಾಗಿ ನಮ್ಮಲ್ಲೊಂದು ಪದ್ಧತಿ ಇತ್ತು. ತಲೆಯಿಂದ ಒಂದು ಕ್ಲಿಪ್ ತೆಗೆದು ಬಲಗಡೆಯ ಬಟನ್ನಿಗೂ ಅದರ ಸುತ್ತಲಿನ ಬಳೆಗೂ ನಡುವೆ ತುರುಕುತ್ತಿದ್ದೆವು. ಬಟನ್ ಒತ್ತಿಕೊಂಡೇ ಇರುತ್ತಿತ್ತು. ಆಮೇಲೆ ಬಲಗೈ ತಗಡು ಇಡುತ್ತ ಹೋಗುತ್ತದೆ, ಎಡಗೈ ಒತ್ತುತ್ತ ಹೋಗುತ್ತದೆ. ಸೂಪರ್‌ವೈಸರ್ ಇದನ್ನು ದಿನಾ ನೋಡುತ್ತಿದ್ದ. 'ನಂಗೆ ಟಾರ್ಗೆಟ್ ಬಂದ್ರೆ ಸಾಕು ಕಣ್ರಮ್ಮಾ, ನಾನೇನೂ ನೋಡಿಲ್ಲ' ಎಂದು ನಗುತ್ತ ಹೋಗುತ್ತಿದ್ದ. ಚೂರು ಕೊಳ್ಳುವ ಕಂಪನಿಯವರು ತಪಾಸಣೆಗೆ ಬರುವ ದಿನ ಬೆಳಿಗ್ಗೆಯೇ ಅವನು ಸಾಲಿನ ಕೊನೆಯಲ್ಲಿ ನಿಂತು ತಲೆ ಕೆರೆದುಕೊಳ್ಳುವ ಹಾಗೆ ಮಾಡುತ್ತಿದ್ದ. ನಾವೆಲ್ಲ ಕ್ಲಿಪ್ ಕಿತ್ತು ತಲೆಗೆ ಸಿಕ್ಕಿಸಿಕೊಳ್ಳುತ್ತಿದ್ದೆವು. ಬಂದವರು ಏಳು ಜನ ಹೆಂಗಸರ ಅಚ್ಚುಕಟ್ಟಾದ ತಲೆ ನೋಡಿ ಸಂತೋಷಪಟ್ಟು ಹೋಗುತ್ತಿದ್ದರು.

ಮೂರನೆಯ ಪ್ರೆಸ್ಸಿಗೆ ಅವಳು ಬಂದದ್ದು ಎರಡು ವರ್ಷದ ಹಿಂದೆ. ನನ್ನದು ನಾಲ್ಕನೆಯದು, ಪಕ್ಕದ್ದೇ. ಯಾದಗಿರಿ ಕಡೆಯವಳು, ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸು, ಗಂಡ ಸೆಂಟ್ರಿಂಗ್ ಕೆಲಸಕ್ಕೆ ವೈಟ್‌ಫೀಲ್ಡ್ ಕಡೆ ಹೋದರೆ ವಾರಗಟ್ಟಲೆ ಅಲ್ಲೇ ಇರುತ್ತಿದ್ದ. ಲಗ್ಗೆರೆಯಲ್ಲಿ ಒಂದು ರೂಮು ಮಾಡಿಕೊಂಡಿದ್ದರು. ಮೊದಲನೆಯ ದಿನವೇ ನಾನು ನನ್ನ ಕ್ಲಿಪ್ ತೆಗೆದು ತೋರಿಸಿ ಹೇಗೆ ತುರುಕಬೇಕೆಂದು ಹೇಳಿಕೊಟ್ಟೆ.

'ಬ್ಯಾಡ್ರಿ ಅಕ್ಕಾ' ಎಂದಳು. 'ನಂಗ ಎರಡೂ ಕೈಲೇ ಒತ್ತೂದು ಛಲೋ ಅನಸ್ತದ.'

'ಟಾರ್ಗೆಟ್ ಬರಲ್ಲ ಕಣೇ. ಬೈಸ್ಕೋತೀಯ.'

'ಬೈಸ್ಕೋತೀನ್ರಿ.'

ನಿಜವಾಗಿ ಬೈಸಿಕೊಂಡಳು. ಆರು ತಿಂಗಳು ದಿನಾ ಬೈಸಿಕೊಂಡಳು. ಆಮೇಲೆ ಏನಾಯಿತೋ, ಕೈ ಎಷ್ಟು ಚುರುಕಾಯಿತೆಂದರೆ ಎರಡು ಬಟನ್ ಒತ್ತಿಯೂ ನಮಗಿಂತ ಹತ್ತೋ ಇಪ್ಪತ್ತೋ ಚೂರು ಮಾತ್ರ ಕಡಿಮೆ ಬೀಳಿಸುತ್ತಿದ್ದಳು. ಇಡು, ತೆಗೆ, ಒತ್ತು. ಇಡು, ತೆಗೆ, ಒತ್ತು. ಅವಳ ಎರಡು ಕೈಗಳು ಒಟ್ಟಿಗೆ ಹೋಗಿ ಒಟ್ಟಿಗೆ ಬರುತ್ತಿದ್ದವು. ನನಗೆ ಒಳಗೊಳಗೇ ಹೊಟ್ಟೆಯುರಿ.

ಅವಳಿಗೊಂದು ಆಸೆ ಇತ್ತು, ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. ಸೆಟ್ಟರ್ ಆಗಬೇಕು. ಅಚ್ಚು ಕಳಚಿ ಹೊಸ ಅಚ್ಚು ಕೂರಿಸುವವನನ್ನು ನಮ್ಮಲ್ಲಿ ಸೆಟ್ಟರ್ ಎನ್ನುತ್ತಾರೆ. ಪ್ರೆಸ್ ಶಾಪಿನಲ್ಲಿ ಅವನಿಗಿರುವ ಮರ್ಯಾದೆ ಸೂಪರ್‌ವೈಸರಿಗೂ ಇಲ್ಲ. ಹೆಂಗಸು ಸೆಟ್ಟರ್ ಆದದ್ದನ್ನು ನಾನಂತೂ ಕಂಡಿಲ್ಲ. ನಮ್ಮ ಸೆಟ್ಟರ್ ವಯಸ್ಸಾದವನು, ಮಂಡಿನೋವು, ಬಗ್ಗಿದರೆ ಏಳಲಾಗುತ್ತಿರಲಿಲ್ಲ. ಮೊದಮೊದಲು ಬೋಲ್ಟು ಬಿಗಿಯಲು ಅವಳನ್ನು ಕರೆದ. ಆಮೇಲೆ ಅಚ್ಚಿನ ಮೇಲೆ ಬಿಳಿ ಕಾಗದ ಇಟ್ಟು, ಪ್ರೆಸ್ಸನ್ನು ಕೈಯಿಂದ ತಿರುಗಿಸಿ ಇಳಿಸಿ, ಕಾಗದ ಸುತ್ತಲೂ ಸಮನಾಗಿ ಕತ್ತರಿಸಿತೇ ಎಂದು ನೋಡುವುದನ್ನು ಕಲಿಸಿದ. ಚೂರಿನ ಅಂಚಿನ ಮೇಲೆ ಬೆರಳ ತುದಿ ಎಳೆದು ತರಿ ಎದ್ದಿದೆಯೇ ಎಂದು ಹೇಳುವುದರಲ್ಲಿ ಅವಳು ಅವನನ್ನೇ ಮೀರಿಸಿದಳು. 'ಈ ಹುಡ್ಗಿ ಬೆರಳಲ್ಲೇ ಗೇಜು ಐತೆ' ಎಂದು ಅವನು ಎಲ್ಲರ ಮುಂದೆ ಹೇಳಿದ. ಯುಗಾದಿ ಕಳೆದ ಮೇಲೆ ಅವಳನ್ನು ಅವನ ಕೈಕೆಳಗೆ ಹಾಕುವುದೆಂದು ಮಾತಾಗಿತ್ತು. ಸೂಪರ್‌ವೈಸರ್ ಕೂಡ ತಲೆ ಅಲ್ಲಾಡಿಸಿದ್ದ.

ಆ ಆಟವನ್ನು ನನ್ನ ಫೋನಿಗೆ ಹಾಕಿಕೊಟ್ಟವಳು ಅವಳೇ. ರಾಜ್ಯ ಕಟ್ಟುವ ಆಟ. ಫೋನಿನಲ್ಲೇ ಕಾರ್ಡು ಹಂಚುತ್ತದೆ, ಇಬ್ಬರು ಆಡಬೇಕು, ಒಂದು ಆಟ ಏಳೆಂಟು ನಿಮಿಷ. ಕೈಗೆ ಬಂದ ಐದು ಕಾರ್ಡಿನಲ್ಲಿ ಒಂದನ್ನು ಇಳಿಸಬೇಕು. ಹೊಲ ಇಳಿಸಿದರೆ ಧಾನ್ಯ ಬರುತ್ತದೆ, ಧಾನ್ಯ ಇದ್ದರೆ ಜನ ಬರುತ್ತಾರೆ, ಜನ ಇದ್ದರೆ ಕೋಟೆ ಕಟ್ಟಬಹುದು, ಇಲ್ಲವೇ ಕುದುರೆ ಸಾಕಿ ಪಕ್ಕದವರ ಮೇಲೆ ಬೀಳಬಹುದು. ಮೊದಲು ಕಲ್ಲಿನ ಕಾಲ, ಆಮೇಲೆ ಕಂಚು, ಆಮೇಲೆ ಕಬ್ಬಿಣ, ಕೊನೆಗೆ ಯಂತ್ರದ ಕಾಲ. ಸಾವಿರಾರು ವರ್ಷ ಏಳೆಂಟು ನಿಮಿಷದಲ್ಲಿ ಮುಗಿಯಬೇಕಲ್ಲ, ಅದಕ್ಕೆ ಒಂದು ಸರದಿಗೆ ಇಪ್ಪತ್ತು ಸೆಕೆಂಡು ಮಾತ್ರ. ಅಷ್ಟರೊಳಗೆ ಇಳಿಸದಿದ್ದರೆ ನಿಮ್ಮ ಕಾರ್ಡೊಂದು ತಾನಾಗಿ ಸುಟ್ಟುಹೋಗುತ್ತದೆ. ಎರಡು ಸಲ ಹೀಗಾದರೆ ಆಟ ಸೋತಂತೆ.

ಕಾರ್ಡಿನ ಮೇಲೆ ಬರೆದದ್ದೆಲ್ಲ ಇಂಗ್ಲಿಷು. ಅವಳು ಓದುತ್ತಿದ್ದಳು, ನಾನು ಚಿತ್ರ ನೋಡಿ ಆಡುತ್ತಿದ್ದೆ. ಹೆಸರುಗಳನ್ನು ನಾವೇ ಇಟ್ಟುಕೊಂಡೆವು. ಕಮಾನುಗಳ ಮೇಲೆ ನೀರು ಹರಿಯುವ ಕಾಲುವೆಯೊಂದಿತ್ತು, ಅದಕ್ಕೆ ನಾವು ಫ್ಲೈಓವರ್ ಎನ್ನುತ್ತಿದ್ದೆವು. ಪುಸ್ತಕಗಳ ಮನೆಗೆ ಬೀರು. ಧಾನ್ಯದ ಗೂಡನ್ನು ನಾನು ಕಣಜ ಎಂದರೆ ಅವಳು ಹಗೇವು ಎನ್ನುವಳು. 'ನಮ್ಮ ಕಡೆ ನೆಲದಾಗ ಇರ್ತದ್ರಿ ಅದು, ಹಿಂಗ ಮ್ಯಾಲೆ ಕಟ್ಟಂಗಿಲ್ಲ' ಎಂದು ಆಟ ಮಾಡಿದವರನ್ನೇ ತಿದ್ದುತ್ತಿದ್ದಳು.

ಮಧ್ಯಾಹ್ನ ಒಂದರಿಂದ ಒಂದೂವರೆ ಊಟದ ಬಿಡುವು. ಶೀಟಿನ ಕೆಳಗೆ ಸಿಮೆಂಟ್ ಕಟ್ಟೆಯ ಮೇಲೆ ಕೂತು ಹತ್ತು ನಿಮಿಷದಲ್ಲಿ ಡಬ್ಬಿ ಮುಗಿಸಿ ಇಬ್ಬರೂ ಫೋನು ತೆಗೆಯುತ್ತಿದ್ದೆವು. ಅವಳು ಆಡುವ ರೀತಿ ನೋಡಿದರೆ ನನಗೆ ರೇಗುತ್ತಿತ್ತು. ಕುದುರೆ ಬಂದರೂ ಮುಟ್ಟುತ್ತಿರಲಿಲ್ಲ. ಹೊಲ, ಬಾವಿ, ಹಗೇವು, ಮತ್ತೆ ಹೊಲ. ಸುತ್ತ ಕಲ್ಲಿನ ಮೇಲೆ ಕಲ್ಲು ಪೇರಿಸಿ ಕೋಟೆ. ನಾನು ಮೂರನೆಯ ಸರದಿಗೇ ಕುದುರೆ ಬಿಡುವವಳು. ಬಿಟ್ಟ ಕುದುರೆಯೆಲ್ಲ ಅವಳ ಕೋಟೆಗೆ ಬಡಿದು ಸಾಯುತ್ತಿದ್ದವು. ಅಷ್ಟು ಹೊತ್ತಿಗೆ ನನ್ನ ಊರಿನಲ್ಲಿ ತಿನ್ನಲು ಕಾಳಿಲ್ಲ. ಯಂತ್ರದ ಕಾಲ ಬರುವಾಗ ಅವಳ ರಾಜ್ಯ ತುಂಬಿದ ಮನೆ, ನನ್ನದು ಹಾಳುಬಿದ್ದ ಮಂಟಪ.

'ನೀವು ಬರೀ ಹೊಡಿಯೂದೇ ನೋಡ್ತೀರಿ ಅಕ್ಕಾ. ಮದಲ ಹೊಟ್ಟಿಗೆ ಹಾಕ್ರಿ ಜನಕ್ಕ.'

'ನಿನ್ನ ಬುದ್ಧಿ ನಿನ್ ಹತ್ರ ಇಟ್ಕೊ ಮಾರಾಯ್ತಿ.'

ಒಂಬತ್ತು ದಿನ ಸತತವಾಗಿ ಸೋತೆ. ಲೆಕ್ಕ ಇಟ್ಟಿದ್ದೆ, ಅಷ್ಟು ಉರಿದಿದ್ದೆ. ಉಳಿದ ಹೆಂಗಸರು ನನ್ನ ಡಬ್ಬಿಯ ಹತ್ತಿರ ಬಂದು, 'ಇವತ್ತೂ ರಾಜ್ಯ ಹೋಯ್ತಾ ಮಹಾರಾಣಿ?' ಎಂದು ಕೇಳಿ ಹೋಗುತ್ತಿದ್ದರು. ನಾನೂ ನಗುತ್ತಿದ್ದೆ. ಮನೆಗೆ ಹೋಗಿ ಪಾತ್ರೆಗಳನ್ನು ಎತ್ತಿ ಕುಕ್ಕುತ್ತಿದ್ದೆ. ನಲವತ್ತೊಂದು ವರ್ಷದ ಹೆಂಗಸು ಇಸ್ಪೀಟಿನಂಥ ಆಟಕ್ಕೆ ಹೀಗಾಡುವುದು ಹುಚ್ಚೆಂದು ಗೊತ್ತಿತ್ತು. ಆದರೆ ಇಡೀ ದಿನದಲ್ಲಿ ನಾನೇ ಇಳಿಸಿದೆ, ನಾನೇ ಕಟ್ಟಿದೆ, ನಾನೇ ಕೆಡವಿದೆ ಎನ್ನಲು ನನಗಿದ್ದದ್ದು ಆ ಇಪ್ಪತ್ತು ನಿಮಿಷ. ಉಳಿದ ಹೊತ್ತೆಲ್ಲ ಬೋರ್ಡಿನ ಮೇಲಿನ ಅಂಕಿಯದು.

ಹತ್ತನೆಯ ದಿನ ನನ್ನ ಕೈಗೆ ಒಳ್ಳೆಯ ಕಾರ್ಡು ಬಂತು. ಅವಳ ಕೋಟೆಯ ಒಂದು ಮಗ್ಗುಲು ತೆರೆದೇ ಉಳಿದಿತ್ತು. ಕಲ್ಲಿನ ಕಾರ್ಡು ಅವಳಿಗೆ ಬರುತ್ತಲೇ ಇರಲಿಲ್ಲ. ಕಬ್ಬಿಣದ ಕಾಲ ಮುಗಿದು ಯಂತ್ರದ ಕಾಲ ಶುರುವಾಗಿ ಎರಡು ಸರದಿ ಆಗಿತ್ತು. ಇನ್ನು ಮೂರೋ ನಾಲ್ಕೋ ಸರದಿ. ನನ್ನ ಹತ್ತಿರ ಆರು ಕುದುರೆ ಇದ್ದವು. ಆಗ ಒಂದೂವರೆಯ ಬೆಲ್ ಹೊಡೆಯಿತು.

'ಇಲ್ಲಿಗೆ ಬಿಡೂಣ್ರಿ ಅಕ್ಕಾ' ಎಂದು ಎದ್ದಳು. 'ನೀವೇ ಗೆದ್ರಿ ಅಂತ ತಿಳ್ಕೋರಿ.'

'ತಿಳ್ಕೊಳ್ಳೋದೇನು? ನಾನು ಗೆಲ್ಲೋ ಹೊತ್ಗೆ ಸರಿಯಾಗಿ ನಿಂಗೆ ಬೆಲ್ ಕೇಳಿಸ್ತಾ?'

'ಹಂಗಲ್ರೀ, ಮಷೀನಿಗೆ ಹೋಗಬೇಕಲ್ಲ.'

ಅವಳು ಬಿಟ್ಟು ಹೋದರೂ ಫೋನು ನನ್ನನ್ನೇ ಗೆದ್ದವಳೆನ್ನುತ್ತಿತ್ತು. ಅಂಥ ಗೆಲುವು ನನಗೆ ಬೇಕಿರಲಿಲ್ಲ. ಅವಳ ಕೋಟೆ ನನ್ನ ಕೈಯಿಂದಲೇ ಬೀಳಬೇಕಿತ್ತು, ಅವಳು ನೋಡುತ್ತಿರಬೇಕಿತ್ತು. 'ಎರಡೇ ನಿಮಿಷ ಕಣೇ, ಮಷೀನ್ ಹತ್ರಾನೇ ಮುಗಿಸೋಣ ಬಾ' ಎಂದು ಅವಳ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋದೆ. ಮಷೀನಿನ ಹತ್ತಿರ ಫೋನು ತರಬಾರದೆಂದು ಗೋಡೆಯ ಮೇಲೆ ಬರೆದಿದೆ. ಏಪ್ರನ್ ಜೇಬಿನಲ್ಲಿ ಫೋನಿಲ್ಲದವರು ಯಾರೂ ಇರಲಿಲ್ಲ.

ಅವಳು ಎಣ್ಣೆ ಡಬ್ಬಿಗೆ ಫೋನು ಒರಗಿಸಿ ಇಟ್ಟಳು. ಮೊದಲ ತಗಡು ಇಟ್ಟಳು, ಎರಡು ಕೈಯಿಂದ ಒತ್ತಿದಳು. ಅವಳ ಸರದಿ ಬಂದಿತ್ತು, ಸೆಕೆಂಡುಗಳು ಇಳಿಯುತ್ತಿದ್ದವು. ಎರಡು ಕೈಯೂ ಬಟನ್ನಿಗೆ ಬೇಕಾದರೆ ಕಾರ್ಡು ಮುಟ್ಟುವುದು ಯಾವ ಕೈಯಿಂದ? ಸೂಪರ್‌ವೈಸರ್ ಸಾಲಿನ ಆ ತುದಿಯಿಂದ ನಮ್ಮ ಕಡೆ ನೋಡುತ್ತಿದ್ದ, ಪ್ರೆಸ್ ನಿಲ್ಲಿಸುವ ಹಾಗಿರಲಿಲ್ಲ. ನಾನು ನನ್ನ ತಲೆಯಿಂದ ಇನ್ನೊಂದು ಕ್ಲಿಪ್ ಎಳೆದೆ, ಬಗ್ಗಿ ಅವಳ ಬಲಗಡೆಯ ಬಟನ್ನಿಗೆ ತುರುಕಿದೆ.

'ತಗೊ. ಈಗ ಬಲಗೈ ಬಿಡುವಾಯ್ತಲ್ಲ. ಆಡು.'

ಅವಳು ಕ್ಲಿಪ್ ಕಡೆ ನೋಡಿದಳು. ಕೀಳಬೇಕೆಂದು ಕೈ ಹೋದದ್ದನ್ನು ನಾನು ಕಂಡೆ. ಆಮೇಲೆ ನನ್ನ ಮುಖ ನೋಡಿ ನಕ್ಕಳು. 'ಭಾಳ ಹಟ ನಿಮಗ' ಎಂದು ಕಾರ್ಡು ಇಳಿಸಿದಳು. ಒಂದು ಹೊಲ. ಸಾಯುವ ಹೊತ್ತಿನಲ್ಲೂ ಹೊಲ.

ಈಗ ಒಂದು ವಿಷಯ ಹೇಳಬೇಕು. ಕ್ಲಿಪ್ಪಿಗೆ ಪಳಗಿದ ಕೈ ಬೇರೆ, ಪಳಗದ ಕೈ ಬೇರೆ. ಹದಿನೆಂಟು ವರ್ಷದಲ್ಲಿ ನನ್ನ ಎಡಗೈ ಕಲಿತದ್ದೆಂದರೆ, ಬಲಗೈ ಹೊರಗೆ ಬಂದಿದೆ ಎಂದು ಕಣ್ಣು ಹೇಳುವವರೆಗೆ ಒತ್ತಬಾರದು ಎಂಬುದು. ಅವಳ ಎಡಗೈಗೆ ಅದು ಗೊತ್ತಿರಲಿಲ್ಲ. ಗೊತ್ತಿರಬೇಕಾದ ಅಗತ್ಯವೇ ಬಂದಿರಲಿಲ್ಲ. ಅವಳ ಎಡಗೈ ಹೋಯಿತೆಂದರೆ ಬಲಗೈಯೂ ಬಟನ್ನಿಗೆ ಹೋಗಿದೆ ಎಂದೇ ಲೆಕ್ಕ. ಹೊಸಬಳಿಗೆ ಕ್ಲಿಪ್ ಕೊಟ್ಟರೆ ವಾರದವರೆಗೆ ಪಕ್ಕದಲ್ಲಿ ನಿಂತು ನೋಡಿಕೊಳ್ಳಬೇಕೆಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು, ನನಗೂ ಗೊತ್ತು. ಕ್ಲಿಪ್ಪಿನ ಮಟ್ಟಿಗೆ ಅವಳು ಹೊಸಬಳೇ ಎಂಬುದು ಆ ಹೊತ್ತಿನಲ್ಲಿ ನನ್ನ ತಲೆಗೆ ಹೋಗಲಿಲ್ಲ.

ನಾನು ಆರೂ ಕುದುರೆ ಬಿಟ್ಟೆ. ಅವಳ ಸರದಿ ಬಂತು. ಅವಳು ತಗಡು ಇಡುತ್ತಿದ್ದಳು, ಅದು ಸ್ವಲ್ಪ ಸೊಟ್ಟ ಕೂತಿತ್ತು, ಸರಿಮಾಡಲು ಬೆರಳು ಒಳಗೆ ಹಾಕಿದ್ದಳು. ನನ್ನ ಫೋನಿನಲ್ಲಿ ಅವಳ ಸೆಕೆಂಡುಗಳು ಕಾಣುತ್ತಿದ್ದವು. ಎಂಟು, ಏಳು, ಆರು. ಪ್ರೆಸ್ಸುಗಳ ಸದ್ದಿನ ಮೇಲೆ ನಾನು ಕೂಗಿದೆ.

'ಟೈಮು! ಟೈಮು ಕಣೇ! ಆಡೇ!'

ಅವಳು ತಲೆ ತಿರುಗಿಸಿ ಫೋನು ನೋಡಿದಳು. ಎಡಗೈ ತನ್ನ ಪಾಡಿಗೆ ತಾನು ಒತ್ತಿತು.

ಅವಳು ಕಿರುಚಲಿಲ್ಲ. ಕಿರುಚಿದವಳು ನಾನು. ತೋರುಬೆರಳು, ನಡುಬೆರಳು, ಉಂಗುರದ ಬೆರಳು, ಮೂರೂ ಎರಡನೆಯ ಗೆಣ್ಣಿನವರೆಗೆ ಹೋಗಿದ್ದವು. ಸೆಟ್ಟರ್ ಮಂಡಿನೋವು ಮರೆತು ಓಡಿ ಬಂದು, ತನ್ನ ಅಂಗಿ ಬಿಚ್ಚಿ ಕೈಗೆ ಸುತ್ತಿದ. 'ಅಯ್ಯೋ ತಾಯಿ, ಅಯ್ಯೋ ತಾಯಿ' ಎಂದು ಅದೊಂದನ್ನೇ ಹೇಳುತ್ತಿದ್ದ. ಯಾರೋ ಆಟೋ ತಂದರು. ಅವಳನ್ನು ಎತ್ತಿಕೊಂಡು ಹೋದರು. ಸಾಲಿನ ಹೆಂಗಸರೆಲ್ಲ ಗೇಟಿನ ಕಡೆ ಓಡಿದರು.

ನಾನು ಓಡಲಿಲ್ಲ. ಎಣ್ಣೆ ಡಬ್ಬಿಗೆ ಒರಗಿದ್ದ ಅವಳ ಫೋನು ಎತ್ತಿ ನನ್ನ ಏಪ್ರನ್ನಿಗೆ ಹಾಕಿಕೊಂಡೆ. ಫೋನು ಆಡಿ ಕೈ ಕಳೆದುಕೊಂಡಳು ಎಂದು ಯಾರೂ ಅನ್ನಬಾರದು, ಅವಳಿಗಾಗಿ ಮಾಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಅರ್ಧ ನಿಜ. ಆ ಫೋನಿನಲ್ಲಿ ನನ್ನ ಹೆಸರೂ ಇತ್ತು. ಅವಳ ಸರದಿ ಎರಡು ಸಲ ಖಾಲಿ ಹೋಗಿತ್ತು. ನನ್ನ ಫೋನಿನಲ್ಲಿ ಪಟಾಕಿ ಹಾರಿ, ಬಂಗಾರದ ಕಿರೀಟ ಬಂದು, ಆಟ ನಾನು ಗೆದ್ದೆನೆಂದು ತೋರಿಸುತ್ತಿತ್ತು. ಕ್ಲಿಪ್ ಮಾತ್ರ ಬಟನ್ನಿನಲ್ಲೇ ಉಳಿಯಿತು. ಅಚ್ಚಿನ ಕಡೆ ಮತ್ತೆ ಬಗ್ಗಲು ನನಗೆ ಧೈರ್ಯ ಬರಲಿಲ್ಲ.

ಮರುದಿನ ಬೆಳಿಗ್ಗೆ ಮೂರನೆಯ ಪ್ರೆಸ್ಸನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಮುಂದೆ ಬೂದುಗುಂಬಳ ಒಡೆದರು. ಯಂತ್ರಕ್ಕೆ ದೃಷ್ಟಿಯಾಗಿತ್ತಂತೆ. ಹತ್ತು ಗಂಟೆಗೆ ಇನ್ನೊಬ್ಬಳನ್ನು ಅದರ ಮುಂದೆ ನಿಲ್ಲಿಸಿದರು. ನನಗೆ ಯಾರ ಮೇಲೆ ಎಂದು ಗೊತ್ತಿಲ್ಲದ ಸಿಟ್ಟು ಬಂತು.

ಮೂರನೆಯ ದಿನ ಆಫೀಸಿಗೆ ಕರೆದರು. ಆಡಳಿತದವನೊಬ್ಬ, ಚಿಕ್ಕ ವಯಸ್ಸು, ನಯವಾದ ಮಾತು. ಪಕ್ಕದಲ್ಲಿ ಸೂಪರ್‌ವೈಸರ್ ಕೈಕಟ್ಟಿ ನಿಂತಿದ್ದ. ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ ನನ್ನ ಕ್ಲಿಪ್.

'ಕೂತ್ಕೊಳಿ ಮೇಡಂ. ಅವರು ಫೋನ್ ಏನಾದ್ರೂ ನೋಡ್ತಿದ್ರಾ?'

'ಇಲ್ಲ ಸಾರ್.'

'ಬಟನ್ನಲ್ಲಿ ಇದು ಸಿಕ್ತು. ಯಾರೋ ಬೇಕಂತ್ಲೇ ಹಾಕಿದಾರೆ. ಯಾರು ಹಾಕಿದ್ರೋ ಅವ್ರನ್ನ ಕಂಪನಿ ಇಟ್ಕೊಳ್ಳಲ್ಲ. ಅವ್ರೇ ಹಾಕ್ಕೊಂಡ್ರಾ?'

ನಾನು ಸೂಪರ್‌ವೈಸರ್ ಮುಖ ನೋಡಿದೆ. ಅವನು ಕಿಟಕಿಯ ಆಚೆ ನೋಡುತ್ತಿದ್ದ. ಹೇಳಬಹುದಾದ ಮಾತುಗಳೆಲ್ಲ ಬಾಯಿಯ ತನಕ ಬಂದಿದ್ದವು. ಕ್ಲಿಪ್ ನನ್ನದು, ನಾನು ಹಾಕಿದೆ, ಅವಳು ಎರಡು ವರ್ಷದಲ್ಲಿ ಒಂದು ದಿನವೂ ಹಾಕಿದವಳಲ್ಲ, ಹಾಕದ್ದಕ್ಕೆ ಇವನ ಕೈಲೇ ಬೈಸಿಕೊಂಡಳು, ಇಲ್ಲಿ ಏಳು ಪ್ರೆಸ್ಸಿನಲ್ಲಿ ಆರಕ್ಕೆ ಕ್ಲಿಪ್ ಇದೆ, ಇವನಿಗೆ ಗೊತ್ತು. ಇಷ್ಟು ಹೇಳಿದ್ದರೆ ಅವಳಿಗೆ ಕೆಲಸ ಉಳಿಯುತ್ತಿತ್ತು. ಕೈಗೆ ಏಟು ಬಿದ್ದವರನ್ನು, ತಪ್ಪು ಅವರದಲ್ಲದಿದ್ದರೆ, ಪ್ಯಾಕಿಂಗಿಗೆ ಹಾಕುವುದು ನಮ್ಮಲ್ಲಿ ವಾಡಿಕೆ. ಸೆಟ್ಟರ್ ಅವಳನ್ನು ಅಲ್ಲಿಂದ ಮತ್ತೆ ತನ್ನ ಹತ್ತಿರ ಎಳೆದುಕೊಳ್ಳುತ್ತಿದ್ದನೋ ಏನೋ. 'ಎರಡು ಬೆರಳಲ್ಲೂ ಅವಳು ತರಿ ನೋಡ್ತಾಳೆ' ಎಂದು ಅವನು ಹಿಂದಿನ ದಿನವಷ್ಟೇ ಹೇಳಿದ್ದ.

ನನಗೆ ಹೆದರಿಕೆಯಾಯಿತು. ಅದಕ್ಕೆ ಬೇರೆ ಹೆಸರಿಲ್ಲ. ಏಳನೆಯ ಕ್ಲಾಸಿನವರೆಗೆ ಓದಿದ ಹೆಂಗಸು, ಗಂಟುಬಿದ್ದ ಕಾಲು, ಈ ಗೇಟಿನಿಂದ ಆಚೆ ಹಾಕಿದರೆ ಪೀಣ್ಯದಲ್ಲಿ ಇನ್ನೊಂದು ಗೇಟು ತೆರೆಯುವುದಿಲ್ಲ. ಆಟದಲ್ಲಿ ಸೋಲಲಾರದವಳು, ಆ ಮೇಜಿನ ಮುಂದೆ ಒಂದೇ ಪ್ರಶ್ನೆಗೆ ಸೋತೆ.

'ಅವಳ್ದೇ ಇರ್ಬೇಕು ಸಾರ್. ನಾನು ನೋಡ್ಲಿಲ್ಲ.'

ಅವನು ಬರೆದುಕೊಂಡು ಓದಿ ಹೇಳಿದ. ಸದರಿ ಕಾರ್ಮಿಕರು ತಾವೇ ಬಟನ್ನಿಗೆ ಕ್ಲಿಪ್ ಹಾಕಿಕೊಂಡು ಕೆಲಸ ಮಾಡುತ್ತಿದ್ದರು ಎಂದು ಬರೆದಿತ್ತು. ನಾನು 'ಇರ್ಬೇಕು' ಎಂದದ್ದು ಕಾಗದಕ್ಕೆ ಹೋಗುವಾಗ 'ತಾವೇ ಹಾಕಿಕೊಂಡು' ಆಗಿತ್ತು. ನಾನು ತಿದ್ದಲು ಹೇಳಲಿಲ್ಲ. ಸಹಿ ಹಾಕಿದೆ. ಹೊರಗೆ ಬಂದಾಗ ಸೂಪರ್‌ವೈಸರ್ ನನ್ನ ಹಿಂದೆಯೇ ಬಂದು, 'ಒಳ್ಳೇದಾಯ್ತು ಬಿಡಮ್ಮಾ, ಹಾವೂ ಸಾಯ್ಲಿಲ್ಲ, ಕೋಲೂ ಮುರೀಲಿಲ್ಲ' ಎಂದ. ಅವನ ಕೆನ್ನೆಗೆ ಹೊಡೆಯಬೇಕೆನಿಸಿತು. ಹೊಡೆಯುವ ಯೋಗ್ಯತೆಯನ್ನು ಆಗಷ್ಟೇ ಮೇಜಿನ ಮೇಲೆ ಬಿಟ್ಟು ಬಂದಿದ್ದೆ.

ಅವಳ ಫೋನನ್ನು ಅವಳ ಗಂಡನ ಕೈಯಲ್ಲಿ ಆಸ್ಪತ್ರೆಗೆ ಕಳಿಸಿದೆ. ನಾನು ಹೋಗಲಿಲ್ಲ. ನಾಳೆ ಹೋದರಾಯಿತು, ಭಾನುವಾರ ಹೋದರಾಯಿತು ಎಂದು ಐದು ವಾರ ಕಳೆದೆ. ಅಷ್ಟರಲ್ಲಿ ಅವಳನ್ನು ಕೆಲಸದಿಂದ ತೆಗೆದರೆಂದು ಸಾಲಿನಲ್ಲಿ ಸುದ್ದಿ ಬಂತು. ಸೆಟ್ಟರ್ ಒಂದು ದಿನ ಅಚ್ಚು ಬಿಗಿಯುತ್ತ ಬಿಗಿಯುತ್ತ ಸ್ಪ್ಯಾನರ್ ಕೆಳಗಿಟ್ಟು ಕಣ್ಣೊರೆಸಿಕೊಂಡ. ಅಂದು ಸಂಜೆ ಶಿಫ್ಟ್ ಬಿಟ್ಟ ಮೇಲೆ ನಾನು ಲಗ್ಗೆರೆಯ ಬಸ್ಸು ಹಿಡಿದೆ.

ಸಾಲು ಮನೆಗಳಲ್ಲಿ ಕೊನೆಯ ರೂಮು. ಬಾಗಿಲು ತೆರೆದಿತ್ತು. ಅವಳು ನೆಲದ ಮೇಲೆ ಕೂತು ಎಡಗೈಯಿಂದ ಅಕ್ಕಿ ಆರಿಸುತ್ತಿದ್ದಳು. ಬಲಗೈ ಮಡಿಲಲ್ಲಿತ್ತು, ಅದರ ಮೇಲೊಂದು ಕರವಸ್ತ್ರ ಹೊದಿಸಿದ್ದಳು. 'ಬರ್ರಿ ಅಕ್ಕಾ' ಎಂದು ಚಾಪೆ ಎಳೆದಳು. ನಾನು ಬೇಡವೆಂದರೂ ಕೇಳದೆ ಚಹಾಕ್ಕೆ ಇಟ್ಟಳು. ಲೈಟರನ್ನು ಎಡಗೈಯಲ್ಲಿ ಒತ್ತಲು ಬಾರದೆ ಮೂರು ಸಲ ತಪ್ಪಿತು. ನಾನು ಎದ್ದೆ. 'ಕೂಡ್ರಿ, ನನಗ ರೂಢಿ ಆಗಬೇಕಲ್ಲ' ಎಂದಳು. ನಾಲ್ಕನೆಯ ಸಲ ಹತ್ತಿತು.

ಊರಿಗೆ ಹೋಗುವುದಿಲ್ಲವಂತೆ, ಇಲ್ಲೇ ಯಾವುದಾದರೂ ಅಪಾರ್ಟ್‌ಮೆಂಟಿನಲ್ಲಿ ಕಸ ಗುಡಿಸುವ ಕೆಲಸ ನೋಡುತ್ತಿದ್ದಾಳಂತೆ. ಪೊರಕೆ ಎಡಗೈಯಲ್ಲೂ ಹಿಡಿಯಬಹುದೆಂದು ಹೇಳಿ ನಕ್ಕಳು. ಸೆಟ್ಟರ್ ಹೇಗಿದ್ದಾನೆಂದು ಕೇಳಿದಳು. ಏಳು ನಂಬರ್ ಅಚ್ಚಿನ ತೊಂದರೆ ಸರಿಹೋಯಿತೇ ಎಂದು ಕೇಳಿದಳು. ಚಹಾ ಸೋಸಿ ಲೋಟವನ್ನು ನನ್ನ ಮುಂದೆ ಇಟ್ಟು, ನೆಲ ನೋಡುತ್ತ ಕೇಳಿದಳು.

'ಅಕ್ಕಾ, ಆಫೀಸಿನಾಗ ನಿಮ್ಮನ್ನೂ ಕರದಿದ್ರಂತಲ್ಲ. ಏನ್ ಕೇಳಿದ್ರು?'

ಬಸ್ಸಿನಲ್ಲಿ ಬರುತ್ತ ನಿಜ ಹೇಳಬೇಕೆಂದು ಗಟ್ಟಿಮಾಡಿಕೊಂಡಿದ್ದೆ. ಕಾಲು ಹಿಡಿಯಬೇಕೆಂದೂ ಇದ್ದೆ. ಬಾಯಿ ತೆರೆದಾಗ ಬಂದದ್ದು ಬೇರೆ.

'ಕ್ಲಿಪ್ ನಂದು ಅಂತ ಹೇಳ್ದೆ ಕಣೇ. ನಾನೇ ಹಾಕಿದ್ದು ಅಂದೆ. ಅವ್ರು ಬರ್ಕೊಳ್ಳೇ ಇಲ್ಲ.'

ಅವಳು ಅಕ್ಕಿಯಿಂದ ಒಂದು ಕಲ್ಲು ಹೆಕ್ಕಿ ಬದಿಗಿಟ್ಟಳು. ಸಿಟ್ಟು ಬಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಸಿಟ್ಟಿಗೆ ಸಿಟ್ಟಿನಿಂದ ಉತ್ತರ ಕೊಡುವುದು ನನಗೆ ಬರುತ್ತದೆ.

'ನಿಮ್ಮ ಸಹಿ ಭಾಳ ಚಂದ ಅದ ಅಕ್ಕಾ' ಎಂದಳು. 'ದುಂಡಗ ಬರೀತೀರಿ. ಆ ಕಾಗದ ನಂಗೂ ತೋರಿಸಿದ್ರು. ಅದನ್ನ ನೋಡಿದ ಮ್ಯಾಲ ನಾ ಏನೂ ಹೇಳಲಿಲ್ಲ. ಅವರು ಹೇಳಿದಲ್ಲಿ ಒತ್ತಿದೆ.'

'ಒತ್ತಿದ್ಯಾ?'

'ಈ ಕೈಲೆ ಸಹಿ ಬರಲಿಲ್ಲ. ನಾ ಪಿಯುಸಿ ಓದೀನ್ರೀ ಅಂದೆ. ಇರಲಿ ಬಿಡಮ್ಮಾ ಅಂತ ಎಡಗೈ ಹೆಬ್ಬಟ್ಟು ಒತ್ತಿಸ್ಕೊಂಡ್ರು.' ಲೋಟ ನನ್ನ ಕಡೆ ಸರಿಸಿದಳು. 'ಆರ್ತದ, ಕುಡೀರಿ.'

ಕುಡಿದೆ. ಕುಡಿಯದಿರಲು ಆಗಲಿಲ್ಲ, ಅವಳು ನೋಡುತ್ತಿದ್ದಳು. ತಪ್ಪಾಯಿತು ಎಂಬ ಒಂದು ಮಾತು ಚಹಾದ ಜೊತೆಗೇ ಕೆಳಗಿಳಿಯಿತು. ಲೋಟ ತೊಳೆದಿಡುತ್ತೇನೆಂದರೆ ಬೇಡವೆಂದು ಇಸಿದುಕೊಂಡಳು. ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತು, 'ಬರ್ತೀನಿ ಕಣೇ' ಎಂದೆ.

ಮನೆಗೆ ಬಂದವರು ಹೊರಟಾಗ ಹೋಗು ಎಂದು ಯಾರೂ ಹೇಳುವುದಿಲ್ಲ. ಜಗಳವಾಡಿದವರಿಗೂ ಹೋಗಿ ಬಾ ಎನ್ನುತ್ತಾರೆ. ಅವಳ ಕಡೆಯವರಂತೂ ದಾರಿಯ ತಿರುವಿನವರೆಗೆ ಬಂದು ಎರಡೆರಡು ಸಲ ಬರ್ರಿ ಬರ್ರಿ ಎಂದು ಹೇಳುವ ಜನ. ಅವಳು ಬಾಗಿಲಿನ ತನಕ ಬಂದಳು, ಹೊಸ್ತಿಲ ಒಳಗೇ ನಿಂತಳು.

'ಹೋಗ್ರಿ ಅಕ್ಕಾ' ಎಂದಳು.

ನಾನು ಓಣಿ ದಾಟುವವರೆಗೆ ಬಾಗಿಲು ಹಾಕಿದ ಸದ್ದು ಕೇಳಲಿಲ್ಲ. ತಿರುಗಿ ನೋಡಲಿಲ್ಲ. ಆಮೇಲೆ ಆ ಕಡೆ ಹೋಗಿಲ್ಲ.